ಅಕ್ಷರದಿಂದ ಅರ್ಥಕ್ಕೆ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಆಗಾಗ ಕಾಣಸಿಗುವ ದೃಶ್ಯವೊಂದುಂಟು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಪಾಠವನ್ನು ಓದುತ್ತಾಳೆ. ಧ್ವನಿ ಸ್ಫುಟವಾಗಿದೆ, ಎಲ್ಲಿಯೂ ತಡವರಿಕೆಯಿಲ್ಲ. ಪರೀಕ್ಷಿಸಲು ಬಂದವರು ತಲೆದೂಗುತ್ತಾರೆ. ಆದರೆ ಹತ್ತಿರ ಹೋಗಿ ನೋಡಿದರೆ ಬೆರಳು ನಾಲ್ಕನೆಯ ಸಾಲಿನಲ್ಲಿದೆ, ಬಾಯಿ ಆರನೆಯ ಸಾಲನ್ನು ನುಡಿಯುತ್ತಿದೆ. ಪುಸ್ತಕವನ್ನು ಮುಚ್ಚಿದರೂ ಓದು ನಿಲ್ಲುವುದಿಲ್ಲ. ಅದೇ ಪಾಠದ ನಡುವಿನಿಂದ ‘ಹಬ್ಬ’ ಎಂಬ ಒಂದು ಪದವನ್ನು ತೋರಿಸಿ, ಇದೇನೆಂದು ಕೇಳಿದರೆ ಮಾತ್ರ ಆ ಸ್ಫುಟವಾದ ಧ್ವನಿ ಅಡಗಿಹೋಗುತ್ತದೆ. ಮಗು ಓದುತ್ತಿರಲಿಲ್ಲ, ಕೇಳಿ ಬಾಯಿಪಾಠ ಮಾಡಿದುದನ್ನು ಒಪ್ಪಿಸುತ್ತಿತ್ತು.

ಇಂಥ ಮಗುವನ್ನು ದಡ್ಡ ಮಗುವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಪುಟಗಟ್ಟಲೆ ಪಾಠವನ್ನು ಕಿವಿಯಿಂದಲೇ ಹಿಡಿದು ನೆನಪಿನಲ್ಲಿಟ್ಟುಕೊಂಡ ಮಗುವಿಗೆ ಬುದ್ಧಿ ಸಾಲದೆಂದು ಹೇಳುವುದು ಹೇಗೆ? ಕೊರತೆಯಿರುವುದು ಕಲಿಸುವ ಕ್ರಮದಲ್ಲಿ. ಅದು ಒಂದೆರಡು ಶಾಲೆಗಳ ಕೊರತೆಯೂ ಅಲ್ಲ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು 2005ರಿಂದ ಮನೆಮನೆಗೆ ಹೋಗಿ ಅಳೆಯುತ್ತ ಬಂದಿರುವ ‘ಅಸರ್’ ಸಮೀಕ್ಷೆಯ ಪ್ರಕಾರ, ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು 2018ರಲ್ಲಿ ಶೇಕಡಾ 20.9, ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಶಾಲೆಗಳು ತೆರೆದ ಮೇಲೆ, 2022ರಲ್ಲಿ, ಶೇಕಡಾ 16.3, 2024ರಲ್ಲಿ ಶೇಕಡಾ 23.4. ಈ ಏರಿಕೆ ಸಂತೋಷದ ವಿಷಯವೇ. ಆದರೂ ನಾಲ್ವರಲ್ಲಿ ಮೂವರು ಮಕ್ಕಳು ಓದಿನ ಹೊಸ್ತಿಲಿನ ಹೊರಗೇ ನಿಂತಿದ್ದಾರೆ. ಮೂರನೆಯ ತರಗತಿಯಿಂದಾಚೆಗೆ ಗಣಿತ, ವಿಜ್ಞಾನ, ಚರಿತ್ರೆ ಎಲ್ಲವೂ ಓದಿಯೇ ಕಲಿಯಬೇಕಾದ ವಿಷಯಗಳು. ಓದು ಬಾರದ ಮಗುವಿಗೆ ಆ ಬಾಗಿಲುಗಳೆಲ್ಲ ಒಟ್ಟಿಗೆ ಮುಚ್ಚಿಹೋಗುತ್ತವೆ.

ಈ ಚಿಂತೆ ಹೊಸದಲ್ಲ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಅವರು 1822ರಲ್ಲಿ ತಮ್ಮ ಪ್ರಾಂತದ ಶಾಲೆಗಳ ವಿವರವನ್ನು ಜಿಲ್ಲಾ ಕಲೆಕ್ಟರರಿಂದ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯನ್ನು ಇಂದಿಗೂ ಉಪಾಧ್ಯಾಯರು ಓದಬೇಕು. ಸುಮಾರು ಒಂಬತ್ತು ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ ಅವರು ಎಣಿಸಿದ ಶಾಲೆಗಳು 533, ವಿದ್ಯಾರ್ಥಿಗಳು 6,641. ಶಾಲೆಗಳಲ್ಲಿ 235 ಕನ್ನಡದವು. ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತ, ಬರೆಯುತ್ತ ಬರೆಯುತ್ತಲೇ ಓದಲು ಕಲಿಯುತ್ತಿದ್ದ ಕ್ರಮವನ್ನೂ, ಮುಂದಿರುವ ಹುಡುಗರು ಹಿಂದಿರುವವರಿಗೆ ಹೇಳಿಕೊಡುತ್ತಿದ್ದ ಪದ್ಧತಿಯನ್ನೂ ಕ್ಯಾಂಪ್‌ಬೆಲ್ ಮೆಚ್ಚಿದರು. ಆ ಪದ್ಧತಿಯನ್ನು ಇಂಗ್ಲೆಂಡು ಅನುಕರಿಸಿರುವುದು ಯೋಗ್ಯವೇ ಎಂದರು. ಆದರೆ ಒಂದು ದೋಷವನ್ನೂ ಅವರು ಮುಚ್ಚಿಡಲಿಲ್ಲ. ಶಾಲೆಯ ಪುಸ್ತಕಗಳು ಆಡುಮಾತಿಗೆ ಬಲು ದೂರವಾದ ಕಾವ್ಯಭಾಷೆಯಲ್ಲಿದ್ದುವು. ಹುಡುಗರು ಪದ್ಯದ ಮೇಲೆ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಅರ್ಥ ಮಾತ್ರ ಅವರಿಗೆ ಗಿಳಿಗೆ ತಿಳಿದಷ್ಟೇ ತಿಳಿಯುತ್ತಿತ್ತು.

ಅಕ್ಷರವನ್ನು ಕಲಿಸುವುದರಲ್ಲಿ ಜಾಣ್ಮೆ, ಅರ್ಥವನ್ನು ಕಲಿಸುವುದರಲ್ಲಿ ಬಡತನ: ಇದು ಆ ವರದಿಯ ತಾತ್ಪರ್ಯ. ಎರಡು ಶತಮಾನಗಳ ಅನಂತರ, ಓದಿನ ವಿಜ್ಞಾನವೆಂದು ಬೆಳೆದಿರುವ ಶಾಸ್ತ್ರವೂ ಈ ಎರಡು ಕಂಬಗಳ ಮೇಲೆಯೇ ನಿಂತಿದೆ. ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಒಂದು ಸರಳವಾದ ಸೂತ್ರವನ್ನು ಮುಂದಿಟ್ಟರು. ಬರೆಹವನ್ನು ನುಡಿಯಾಗಿ ಬಿಡಿಸಿಕೊಳ್ಳುವ ಶಕ್ತಿ ಒಂದು. ನುಡಿಯನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇನ್ನೊಂದು. ಓದೆಂಬುದು ಇವೆರಡರ ಗುಣಲಬ್ಧವೇ ಹೊರತು ಮೊತ್ತವಲ್ಲ. ಮೊತ್ತವಾಗಿದ್ದರೆ ಒಂದರ ಕೊರತೆಯನ್ನು ಮತ್ತೊಂದು ತುಂಬಬಹುದಾಗಿತ್ತು. ಗುಣಲಬ್ಧದಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆಯೇ. ನಮ್ಮ ಮೂರನೆಯ ತರಗತಿಯ ಹುಡುಗಿಗೆ ಪಾಠದ ಅರ್ಥ ತಿಳಿದಿತ್ತು, ಅಕ್ಷರ ತಿಳಿದಿರಲಿಲ್ಲ. ಕ್ಯಾಂಪ್‌ಬೆಲ್ ಕಂಡ ಹುಡುಗರಿಗೆ ಅಕ್ಷರ ತಿಳಿದಿತ್ತು, ಅರ್ಥ ತಿಳಿದಿರಲಿಲ್ಲ. ಇಬ್ಬರೂ ಓದು ಬಾರದವರೇ.

ಮೊದಲು ಅಕ್ಷರದ ಮಾತು. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಮಗು ತಾನೇ ಊಹಿಸಿಕೊಳ್ಳಲೆಂದು ಬಿಡದೆ, ನೇರವಾಗಿ, ಕ್ರಮವಾಗಿ ಹೇಳಿಕೊಡಬೇಕೆಂದು ಅಮೆರಿಕದ ರಾಷ್ಟ್ರೀಯ ವಾಚನ ಮಂಡಲಿ ಅನೇಕ ಪ್ರಯೋಗಗಳನ್ನು ತೂಗಿನೋಡಿ 2000ದಲ್ಲಿ ತೀರ್ಮಾನಿಸಿತು. ಈ ತೀರ್ಮಾನ ಇಂಗ್ಲಿಷಿನ ಓದನ್ನು ಕುರಿತದ್ದು. ಅದರ ತಿರುಳನ್ನು ನಾವು ಒಪ್ಪಬಹುದು. ಅಲ್ಲಿನ ಕಾಲಗಣನೆಯನ್ನು ಮಾತ್ರ ಹಾಗೆಯೇ ಎತ್ತಿ ತರಲಾಗದು. ಇಂಗ್ಲಿಷಿನಲ್ಲಿ ಅಕ್ಷರಗಳು 26, ಕಾಗುಣಿತದ ತೊಡಕುಗಳು ಅಸಂಖ್ಯ. ಕನ್ನಡದಲ್ಲಿ ಬರೆದಂತೆ ಓದುವುದು ಬಹುಮಟ್ಟಿಗೆ ನಿಯಮ. ಆದರೆ ಕಣ್ಣು ಗುರುತಿಸಬೇಕಾದ ರೂಪಗಳು ಅನೇಕ. ವರ್ಣಮಾಲೆಯ 49 ಅಕ್ಷರಗಳನ್ನು ಕಲಿತ ಮಗು ಓದಿನ ಅಂಗಳಕ್ಕೆ ಬಂದಿದೆ, ಅಷ್ಟೆ. 34 ವ್ಯಂಜನಗಳಿಗೆ ‘ಕ’ದಿಂದ ‘ಕಃ’ದವರೆಗೆ ಹದಿನೈದು ರೂಪಗಳೆಂದು ಲೆಕ್ಕ ಹಾಕಿದರೆ 510 ಆಗುತ್ತದೆ. ಅದರ ಮೇಲೆ ಒತ್ತಕ್ಷರಗಳು. ಅವುಗಳಲ್ಲಿಯೂ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲಾಕ್ಷರವನ್ನು ಹೋಲುವುದೇ ಇಲ್ಲ. ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ‘ಯ’ ಮೊದಲು ಕಾಣುತ್ತದೆ, ನಾಲಗೆ ‘ರ್’ ಅನ್ನು ಮೊದಲು ನುಡಿಯಬೇಕು. ದೊಡ್ಡವರಾದ ನಮಗೆ ಇದೆಲ್ಲ ಉಸಿರಾಟದಷ್ಟು ಸಹಜವಾಗಿರುವುದರಿಂದ ಮಗುವಿನ ಕಷ್ಟ ಕಣ್ಣಿಗೆ ಬೀಳುವುದಿಲ್ಲ.

ಕನ್ನಡದ ಮಕ್ಕಳನ್ನೇ ಅಭ್ಯಸಿಸಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಕಷ್ಟಕ್ಕೆ ಸಾಕ್ಷಿ ಹೇಳುತ್ತದೆ. ಇಂಗ್ಲಿಷಿನ ಅಕ್ಷರಮಾಲೆಯನ್ನು ಮಕ್ಕಳು ಶಾಲೆಯ ಮೊದಲ ವರ್ಷಗಳಲ್ಲೇ ಕಲಿತು ಮುಗಿಸಿದರೆ, ಕನ್ನಡದ ಅಕ್ಷರಜ್ಞಾನ ನಾಲ್ಕನೆಯ ತರಗತಿಯ ಸುಮಾರಿನವರೆಗೂ ಬೆಳೆಯುತ್ತಲೇ ಇರುತ್ತದೆ. ಇದು ಮಗುವಿನ ದೋಷವಲ್ಲ, ಲಿಪಿಯ ಸ್ವಭಾವ. ಇನ್ನೊಂದು ಅಂಶವೂ ಅಲ್ಲಿ ಕಂಡುಬಂದಿದೆ. ‘ಕಮಲ’ವನ್ನು ಕ-ಮ-ಲ ಎಂದು ಬಿಡಿಸುವುದು ನಮ್ಮ ಮಕ್ಕಳಿಗೆ ಸುಲಭ. ‘ಕ’ವೆಂಬುದು ‘ಕ್’ ಮತ್ತು ‘ಅ’ ಕೂಡಿ ಆದುದೆಂಬ ಅರಿವು ನಿಧಾನವಾಗಿ ಮೂಡುತ್ತದೆ. ಆ ಅರಿವಿಲ್ಲದೆ ಕಾಗುಣಿತ ಬರಿಯ ರಾಗವಾಗುತ್ತದೆ. ‘ಕ ಕಾ ಕಿ ಕೀ’ ಎಂದು ತಡೆಯಿಲ್ಲದೆ ಹಾಡುವ ಮಗು, ಬಿಡಿಯಾಗಿ ತೋರಿಸಿದ ‘ಕೀ’ಯ ಮುಂದೆ ತಡೆದು, ಮೊದಲಿನಿಂದ ಹಾಡಿಕೊಂಡು ಬಂದು ಅದನ್ನು ಮುಟ್ಟುವುದನ್ನು ಯಾವ ಉಪಾಧ್ಯಾಯರು ಕಂಡಿಲ್ಲ?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಅಕ್ಷರಗಳ ಕ್ರಮವನ್ನು ಮಗುವಿನ ದೃಷ್ಟಿಯಿಂದ ಯೋಚಿಸಬೇಕು. ವರ್ಣಮಾಲೆಯ ಜೋಡಣೆ ಉಚ್ಚಾರಣಶಾಸ್ತ್ರದ ದೃಷ್ಟಿಯಿಂದ ಅಪೂರ್ವವಾದುದು. ಆದರೆ ಅದು ಬಾಲಬೋಧೆಗಾಗಿ ಹುಟ್ಟಿದ ಕ್ರಮವಲ್ಲ. ‘ಋ’, ‘ಙ’, ‘ಞ’ ಗಳನ್ನು ಕಲಿತ ಮಗುವಿಗೆ ಅವುಗಳಿಂದ ಕಟ್ಟಬಹುದಾದ ಪದಗಳೆಷ್ಟು ದೊರೆತಾವು? 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗುತ್ತದೆ. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂದು ಮಗು ಓದತೊಡಗಬಹುದು. ಕಲಿತ ಅಕ್ಷರ ಕಲಿತ ದಿನವೇ ಪದವಾಗಿ ಕೆಲಸಕ್ಕೆ ಬರುವುದು ಈ ಕ್ರಮದ ಗುಣ.

ಎರಡನೆಯದಾಗಿ, ಕಾಗುಣಿತವನ್ನು ಅಡ್ಡಡ್ಡಲಾಗಿ ಹಾಡಿಸಿದಂತೆಯೇ ಉದ್ದುದ್ದವಾಗಿಯೂ ತೋರಿಸಬೇಕು. ಕಿ, ಗಿ, ಸಿ, ದಿ ಎಂದು ಒಂದರ ಕೆಳಗೊಂದು ಬರೆದಾಗ ಬದಲಾಗದೆ ಉಳಿದುದು ಯಾವುದು, ಬದಲಾದುದು ಯಾವುದು ಎಂಬುದು ಮಗುವಿನ ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ಗೋಚರವಾಗುತ್ತದೆ. ನಮ್ಮ ಅಂತ್ಯಾಕ್ಷರಿಯಂಥ ಆಟವೂ ಇಲ್ಲಿ ನೆರವಾಗುತ್ತದೆ: ಮಾತಿನ ಕೊನೆಯ ಅಕ್ಷರವನ್ನು ಬಿಡಿಸಿ ತೆಗೆದು ಅದರಿಂದಲೇ ಹೊಸ ಮಾತನ್ನು ಆರಂಭಿಸುವ ಮಗು ನುಡಿಯನ್ನು ತುಂಡರಿಸಿ ನೋಡಲು ಕಲಿಯುತ್ತಿರುತ್ತದೆ.

ಮೂರನೆಯದಾಗಿ, ಕೈಯನ್ನು ಮರೆಯಬಾರದು. ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ಫ್ರಾನ್ಸಿನಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅವರಲ್ಲಿ ತುಸು ದೊಡ್ಡವರಾದ ಮಕ್ಕಳು ಕೀಲಿಮಣೆಯನ್ನೊತ್ತಿ ಕಲಿತ ಅಕ್ಷರಗಳಿಗಿಂತ ಕೈಯಿಂದ ಬರೆದು ಕಲಿತ ಅಕ್ಷರಗಳನ್ನು ಹೆಚ್ಚು ಚೆನ್ನಾಗಿ ಗುರುತಿಸಿದರು. ಬಳ್ಳಾರಿಯ ಮರಳು ಹಳೆಯದಾದರೂ ಅದರ ಹಿಂದಿನ ವಿವೇಕ ಹಳತಾಗಿಲ್ಲ.

ನಾಲ್ಕನೆಯದು, ಮಗು ಎಲ್ಲಿದೆಯೋ ಅಲ್ಲಿಂದ ಕೈಹಿಡಿಯುವುದು. ತರಗತಿ ನಾಲ್ಕನೆಯದೆಂದು ನಾಲ್ಕನೆಯ ತರಗತಿಯ ಪಾಠವನ್ನೇ ನಡೆಸುತ್ತ ಹೋದರೆ, ಕಾಗುಣಿತದಲ್ಲಿ ನಿಂತುಹೋದ ಮಗು ಇಡೀ ವರ್ಷ ಸುಮ್ಮನೆ ಕುಳಿತಿರುತ್ತದೆ. ಮುಂದೆ 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ, ಜೊತೆಗಾರರೊಡನೆ ಸೇರಿ, ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005–06ರಲ್ಲಿ ನಡೆಸಿದ ಪ್ರಯೋಗ ಇಲ್ಲಿ ಸ್ಮರಣಾರ್ಹ. ಊರಿನವರನ್ನು ಕೂಡಿಸಿ ಶಾಲೆಯ ಸ್ಥಿತಿಗತಿಯನ್ನು ತಿಳಿಸಿದ ಮಾತ್ರಕ್ಕೆ ಮಕ್ಕಳ ಓದು ಸುಧಾರಿಸಲಿಲ್ಲ. ಊರಿನ ತರುಣರೇ ಕೆಲವು ದಿನಗಳ ತರಬೇತಿ ಪಡೆದು, ‘ಪ್ರಥಮ್’ ಸಂಸ್ಥೆ ರೂಪಿಸಿದ ಸರಳ ಕ್ರಮದಲ್ಲಿ ಓದಿನ ಶಿಬಿರಗಳನ್ನು ನಡೆಸಿದಲ್ಲಿ, ಅವುಗಳಿಗೆ ಹೋದ ಮಕ್ಕಳು ಸ್ಪಷ್ಟವಾಗಿ ಮುಂದುವರಿದರು. ಆದರೆ ಶಿಬಿರಕ್ಕೆ ಹೋದವರು ಆ ಹಳ್ಳಿಗಳ ಮಕ್ಕಳಲ್ಲಿ ಶೇಕಡಾ 8 ಮಾತ್ರ. ಕಲಿಸಿದರೆ ಕಲಿಯುತ್ತಾರೆ ಎಂಬುದು ಈ ಪ್ರಯೋಗದ ಸಂತೋಷ. ಶಾಲೆಯ ವೇಳೆಯಲ್ಲೇ ಕಲಿಸದಿದ್ದರೆ ಬಹುಮಂದಿ ಉಳಿದುಹೋಗುತ್ತಾರೆ ಎಂಬುದು ಅದರ ಎಚ್ಚರಿಕೆ.

ಇನ್ನು ಅರ್ಥದ ಮಾತು. ಅಕ್ಷರ ಮುಗಿದ ಮೇಲೆ ಅರ್ಥವೆಂದು ಕಾಯುವುದು ತಪ್ಪು. ಕನ್ನಡದ ಅಕ್ಷರ ಮುಗಿಯಲು ನಾಲ್ಕು ವರ್ಷ ಬೇಕಾದರೆ ಅಲ್ಲಿಯವರೆಗೆ ಮಗು ಕಥೆಯಿಲ್ಲದೆ ಬದುಕುವುದೇ? ಮಗು ತಾನು ಓದಲಾರದ ಪುಸ್ತಕವನ್ನು ಉಪಾಧ್ಯಾಯರ ಬಾಯಿಂದ ಪ್ರತಿದಿನವೂ ಕೇಳಬೇಕು. ಕೇಳಿ ಸುಮ್ಮನಿರದೆ ಮಾತನಾಡಬೇಕು. ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕವನ್ನು ಓದಿ ಹೇಳುವಾಗ ‘ಮುಂದೇನಾಯಿತು, ಏಕೆ ಹಾಗಾಯಿತು’ ಎಂದು ಕೇಳಿ ಮಾತಿಗೆಳೆದ ಮನೆಗಳಲ್ಲಿ, ಬರಿದೆ ಓದಿ ಹೇಳಿದ ಮನೆಗಳಿಗಿಂತ ಮಕ್ಕಳ ನುಡಿ ಬೇಗ ಬೆಳೆದುದನ್ನು ಅಮೆರಿಕದ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲೇ ತೋರಿಸಿದ್ದಾರೆ. ಅಜ್ಜಿಯ ಕಥೆಗೆ ‘ಹೂಂ’ಗುಟ್ಟುತ್ತ, ನಡುವೆ ಪ್ರಶ್ನೆ ಕೇಳುತ್ತ ಬೆಳೆದ ನಾಡಿಗೆ ಇದು ಅಪರಿಚಿತ ವಿದ್ಯೆಯೇನಲ್ಲ.

ಇಲ್ಲಿ ಮನೆಮಾತಿನ ವಿಷಯವನ್ನೂ ನೆನೆಯಬೇಕು. ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಮಾತಿನ ಮನೆಗಳಿಂದ ಬರುವ ಮಕ್ಕಳಿಗೆ ಕನ್ನಡದ ಅಕ್ಷರವೂ ಹೊಸತು, ಪದವೂ ಹೊಸತು. ಅವರಿಗೆ ಮೊದಲು ಕಿವಿ ತುಂಬ ಕನ್ನಡವನ್ನು ಕೊಟ್ಟು ಆಮೇಲೆ ಕಣ್ಣಿಗೆ ಕೊಡುವುದು ನ್ಯಾಯ. ಕನ್ನಡದ ಮನೆಗಳಲ್ಲಿಯೂ ಆಡುಮಾತು ಒಂದೇ ಅಲ್ಲ. ‘ಹಾಲು’ ಎಂದು ಬರೆದುದನ್ನು ‘ಆಲು’ ಎಂದು ನುಡಿದು ಹಸುವಿನ ಚಿತ್ರವನ್ನು ತೋರಿಸುವ ಮಗು ಆ ಪದವನ್ನು ಓದಿದೆ. ಅದರ ನಾಲಗೆ ಊರಿನದು, ತಿದ್ದಲು ಕಾಲಾವಕಾಶವಿದೆ. ಆ ಕ್ಷಣದಲ್ಲಿ ಗದರಿಸಿದರೆ ಮಗು ಉಚ್ಚಾರವನ್ನು ತಿದ್ದಿಕೊಳ್ಳುವುದಕ್ಕಿಂತ ಮೊದಲು ಬಾಯಿ ತೆರೆಯುವುದನ್ನೇ ಬಿಟ್ಟೀತು.

ಅಕ್ಷರ ಮತ್ತು ಅರ್ಥ ಇವೆರಡನ್ನು ಬೆಸೆಯುವುದು ನಿರರ್ಗಳತೆ. ಒಂದೊಂದು ಅಕ್ಷರಕ್ಕೂ ಹೆಣಗುವ ಮನಸ್ಸಿಗೆ ವಾಕ್ಯದ ಕೊನೆ ಮುಟ್ಟುವಾಗ ಮೊದಲು ಮರೆತಿರುತ್ತದೆ. ಚಿಕ್ಕದೊಂದು ಭಾಗವನ್ನು, ಪ್ರತಿ ಪದದ ಕೆಳಗೂ ಬೆರಳಿಟ್ಟು, ಮೂರು ನಾಲ್ಕು ಸಲ ಓದಿಸುವುದು ಇದಕ್ಕೆ ಪರೀಕ್ಷಿತವಾದ ಉಪಾಯ. ಬಾಯಿಪಾಠಕ್ಕೂ ಇದಕ್ಕೂ ವ್ಯತ್ಯಾಸ ಬೆರಳಿನಲ್ಲಿದೆ: ಇಲ್ಲಿ ಕಣ್ಣು, ಬೆರಳು, ಬಾಯಿ ಒಂದೇ ಪದದ ಮೇಲೆ ನಿಲ್ಲುತ್ತವೆ.

2021ರಲ್ಲಿ ಆರಂಭವಾದ ‘ನಿಪುಣ್ ಭಾರತ್’ ಯೋಜನೆ ಮೂರನೆಯ ತರಗತಿಯ ಕೊನೆಗೆ ಪ್ರತಿ ಮಗುವೂ ಅರ್ಥವರಿತು ಓದುವಂತಾಗಬೇಕೆಂದು ಗುರಿಯಿಟ್ಟಿತು. ಗುರಿ ಸರಿಯಾದುದೇ. ಆದರೆ ಆ ಗಡುವಿನೊಂದಿಗೇ ಅಕ್ಷರಬೋಧೆಯೂ ಮುಗಿಯಿತೆಂದು ಪುಸ್ತಕ ಮಡಿಸಿಟ್ಟರೆ ಕನ್ನಡದ ಮಗುವಿಗೆ ಅನ್ಯಾಯವಾಗುತ್ತದೆ. ನಾಲ್ಕರಲ್ಲಿಯೂ ಐದರಲ್ಲಿಯೂ ಒತ್ತಕ್ಷರದೊಡನೆ ಹೆಣಗುತ್ತಿರುವ ಮಗುವಿಗೆ ದಿನಕ್ಕೆ ಅರ್ಧ ಗಂಟೆ, ನಾಚಿಕೆಪಡಿಸದೆ, ಮೀಸಲಿಡುವುದು ಶಾಲೆಯ ಕರ್ತವ್ಯ.

ಮೊದಲು ಕಂಡ ಆ ಹುಡುಗಿಯ ಮುಂದೆ ಪಾಠಪುಸ್ತಕವನ್ನು ಬದಿಗಿಟ್ಟು, ಅವಳೆಂದೂ ಕೇಳದ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆಯೋಣ: ‘ಅಜ್ಜಿಯ ಕನ್ನಡಕ ಬೆಕ್ಕಿನ ಮೂಗಿನ ಮೇಲಿದೆ.’ ಅವಳು ಎರಡು ಕಡೆ ತಡವರಿಸಲಿ, ಒಂದು ಕಡೆ ತಪ್ಪಲಿ. ಕೊನೆಯನ್ನು ಮುಟ್ಟಿದಾಗ ನಕ್ಕರೆ ಸಾಕು. ಓದು ಬಂದಿತೆನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.