ಮಂದ್ರಪ್ರಧಾನ ಹೆಡ್‌ಫೋನ್

ಸಂಗೀತದ ಕೆಳಗಿನ ಆವೃತ್ತಿಗಳನ್ನು, ಅಂದರೆ ಸುಮಾರು 20ರಿಂದ 250 ಹರ್ಟ್ಸ್‌ವರೆಗಿನ ನಾದವನ್ನು, ಉಳಿದ ನಾದಕ್ಕಿಂತ ಮುಂದಾಗಿ ಕೇಳಿಸುವಂತೆ ರೂಪಿಸಿದ ಹೆಡ್‌ಫೋನ್ ಅಥವಾ ಇಯರ್‌ಫೋನನ್ನು ಮಂದ್ರಪ್ರಧಾನ ಹೆಡ್‌ಫೋನ್ ಎನ್ನಬಹುದು. ವಾಡಿಕೆಯಲ್ಲಿ ಇದಕ್ಕೆ ‘ಬೇಸ್ ಹೆಡ್‌ಫೋನ್’ ಎಂಬ ಹೆಸರಿದೆ. ಮಾರುಕಟ್ಟೆಯಲ್ಲಿ ‘ಎಕ್ಸ್‌ಟ್ರಾ ಬೇಸ್’, ‘ಡೀಪ್ ಬೇಸ್’ ಮುಂತಾದ ಮಾತುಗಳು ಪೆಟ್ಟಿಗೆಗಳ ಮೇಲೆ ಧಾರಾಳವಾಗಿ ಕಾಣಸಿಗುತ್ತವೆ. ಆದರೆ ಅವುಗಳಿಗೆ ಒಪ್ಪಿತವಾದ ಯಾವುದೇ ಅಳತೆಗೋಲು ಇಲ್ಲ. ಇಂತಹ ಸಾಧನದ ಗುಣವು ಪೆಟ್ಟಿಗೆಯ ಮಾತಿಗಿಂತ ಅದು ಕಿವಿಗೆ ಎಷ್ಟು ಬಿಗಿಯಾಗಿ ಹೊಂದಿಕೊಳ್ಳುತ್ತದೆ ಎಂಬುದನ್ನು ಹೆಚ್ಚಾಗಿ ಅವಲಂಬಿಸಿದೆ.

ಮಂದ್ರನಾದದ ಸ್ವರೂಪ

ಮನುಷ್ಯನ ಕಿವಿಯು 20ರಿಂದ 20,000 ಹರ್ಟ್ಸ್‌ವರೆಗಿನ ನಾದವನ್ನು ಗ್ರಹಿಸುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಆದರೆ ಈ ವ್ಯಾಪ್ತಿಯ ಎಲ್ಲ ಭಾಗಗಳಿಗೂ ಅದು ಸಮಾನವಾಗಿ ಸ್ಪಂದಿಸುವುದಿಲ್ಲ. 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಪ್ರಕಟಿಸಿದ ಅಧ್ಯಯನವು ಈ ಅಸಮಾನತೆಯನ್ನು ರೇಖಾಚಿತ್ರಗಳ ಮೂಲಕ ತೋರಿಸಿತು. 1000 ಹರ್ಟ್ಸ್‌ನ ನಾದವು 40 ಡೆಸಿಬೆಲ್‌ನಲ್ಲಿ ಎಷ್ಟು ಜೋರಾಗಿ ಕೇಳಿಸುತ್ತದೆಯೋ ಅಷ್ಟೇ ಜೋರಾಗಿ 50 ಹರ್ಟ್ಸ್‌ನ ನಾದ ಕೇಳಿಸಬೇಕಾದರೆ ಅದಕ್ಕೆ 70 ಡೆಸಿಬೆಲ್‌ಗೂ ಹೆಚ್ಚಿನ ಬಲ ಬೇಕಾಗುತ್ತದೆ. ಸದ್ದು ತಗ್ಗಿಸಿದಾಗ ಹಾಡಿನಲ್ಲಿ ಮೊದಲು ಮಾಯವಾಗುವುದು ಮಂದ್ರವೇ. ಕೇಳುಗರು ‘ಬೇಸ್ ಸಾಲದು’ ಎನ್ನುವುದರ ಹಿಂದೆ ಬಹುಮಟ್ಟಿಗೆ ಈ ಕಾರಣವಿದೆ.

ಇಲ್ಲಿ ಬಳಸಿದ ‘ಮಂದ್ರ’ ಎಂಬ ಪದ ಶಾಸ್ತ್ರೀಯ ಸಂಗೀತದ ಮಂದ್ರಸ್ಥಾಯಿಗೆ ಪೂರ್ಣವಾಗಿ ಸಮನಲ್ಲ. ಹಿಂದೂಸ್ತಾನಿ ಪದ್ಧತಿಯ ಗಾಯಕನೊಬ್ಬ ‘ಕಪ್ಪು ಒಂದು’ ಶ್ರುತಿಯಲ್ಲಿ ಹಾಡುವಾಗ ಅವನ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್‌ನಲ್ಲಿರುತ್ತದೆ. ಅವನ ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ ಸುಮಾರು 69 ಹರ್ಟ್ಸ್‌. ಚಲನಚಿತ್ರ ಗೀತೆಗಳಲ್ಲಿ ಬಳಕೆಯಾಗುವ ನಾಲ್ಕು ತಂತಿಯ ಬೇಸ್ ಗಿಟಾರ್ ಇನ್ನೂ ಕೆಳಗಿಳಿದು 41 ಹರ್ಟ್ಸ್ ಮುಟ್ಟುತ್ತದೆ. ಹೋಲಿಕೆಗೆ, ಊರಿನ ವಿದ್ಯುತ್ ಪರಿವರ್ತಕದಿಂದ ಹೊರಡುವ ಗುಂಯ್‌ಗುಡುವ ಸದ್ದಿನ ಮೂಲ ಆವೃತ್ತಿ ಭಾರತದಲ್ಲಿ 100 ಹರ್ಟ್ಸ್‌. ಆದ್ದರಿಂದ ಯಾವ ಸಂಗೀತಕ್ಕೆ ಹೆಡ್‌ಫೋನ್ ಬೇಕು ಎಂಬುದು ಮೊದಲ ಪ್ರಶ್ನೆ. ಗಾಯನವನ್ನೇ ಹೆಚ್ಚಾಗಿ ಕೇಳುವವರಿಗೆ 40 ಹರ್ಟ್ಸ್‌ಗಿಂತ ಕೆಳಗಿನ ನಾದದಿಂದ ಆಗುವ ಲಾಭ ಅತ್ಯಲ್ಪ.

ಡಾಲ್ಬಿ ಅಥವಾ ಡಿ.ಜೆ. ಮೆರವಣಿಗೆಗಳಲ್ಲಿ ಎದೆಗೆ ಬಡಿಯುವಂತೆ ಅನುಭವಕ್ಕೆ ಬರುವ ಸದ್ದನ್ನು ಯಾವ ಹೆಡ್‌ಫೋನೂ ಕೊಡಲಾರದು. ಅಲ್ಲಿ ಇಡೀ ದೇಹ ಕಂಪಿಸುತ್ತದೆ, ಹೆಡ್‌ಫೋನ್‌ನಲ್ಲಿ ಕಿವಿದಮಟೆ ಮಾತ್ರ. ಈ ಕೊರತೆಯನ್ನು ಸದ್ದು ಏರಿಸಿ ತುಂಬಿಕೊಳ್ಳುವ ಪ್ರಯತ್ನ ಎಂದಿಗೂ ಫಲಿಸುವುದಿಲ್ಲ.

ಮಂದ್ರ ಹುಟ್ಟುವ ಬಗೆ

50 ಹರ್ಟ್ಸ್ ನಾದದ ತರಂಗದೂರ ಗಾಳಿಯಲ್ಲಿ ಸುಮಾರು 7 ಮೀಟರ್. ಕೋಣೆಯಲ್ಲಿ ಅಂತಹ ನಾದವನ್ನು ಹೊಮ್ಮಿಸಲು ಸ್ಪೀಕರ್‌ನ ಪೊರೆಯು ಅಪಾರ ಪ್ರಮಾಣದ ಗಾಳಿಯನ್ನು ತಳ್ಳಬೇಕು. ದೊಡ್ಡ ವೂಫರ್‌ಗಳ ಅಗತ್ಯ ಬಿದ್ದದ್ದು ಇದಕ್ಕಾಗಿಯೇ. ಹೀಗಿರುವಾಗ 10 ಮಿಲಿಮೀಟರ್ ಅಗಲದ ಇಯರ್‌ಫೋನ್ ಪೊರೆ ಅದೇ ನಾದವನ್ನು ಹೇಗೆ ಕೇಳಿಸುತ್ತದೆ ಎಂಬ ಪ್ರಶ್ನೆ ಸಹಜ. ಉತ್ತರ ಸರಳವಾಗಿದೆ. ಕಿವಿಯ ನಾಳವನ್ನು ಬಿಗಿಯಾಗಿ ಮುಚ್ಚಿದಾಗ ಪೊರೆಗೂ ಕಿವಿದಮಟೆಗೂ ನಡುವೆ ಉಳಿಯುವುದು ಸಣ್ಣದೊಂದು ಗಾಳಿಯ ಕೋಶ ಮಾತ್ರ. ಪೊರೆ ಸ್ವಲ್ಪವೇ ಅಲುಗಿದರೂ ಆ ಕೋಶದ ಒತ್ತಡ ಏರಿಳಿಯುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಾಗ ಬೆರಳಿಗೆ ತಾಗುವ ಒತ್ತಡದಂತೆಯೇ ಇದು.

ಬೆರಳು ಸಡಿಲವಾದರೆ ಪಂಪಿನ ಗಾಳಿ ಸೋರಿಹೋಗುವಂತೆ, ಇಯರ್‌ಫೋನ್ ಸಡಿಲವಾಗಿ ಕುಳಿತರೆ ಮಂದ್ರ ಸೋರಿಹೋಗುತ್ತದೆ. ಮೇಲಿನ ಆವೃತ್ತಿಗಳಿಗೆ ಈ ಸೋರಿಕೆಯಿಂದ ಹೆಚ್ಚಿನ ಹಾನಿಯಿಲ್ಲ. ಆದ ಕಾರಣ ದುಬಾರಿ ಹೆಡ್‌ಫೋನ್ ಸಹ ಕನ್ನಡಕದ ಕಡ್ಡಿಯಿಂದಲೋ ದಟ್ಟ ಕೂದಲಿನಿಂದಲೋ ಸಂದು ಬಿಟ್ಟರೆ ಬಡಕಲಾಗಿ ಕೇಳಿಸುತ್ತದೆ, ಅಗ್ಗದ ಇಯರ್‌ಫೋನ್ ಸರಿಯಾಗಿ ಕುಳಿತರೆ ತುಂಬಿ ಕೇಳಿಸುತ್ತದೆ. ಪೆಟ್ಟಿಗೆಯಲ್ಲಿ ಬರುವ ಮೂರು ಅಳತೆಯ ರಬ್ಬರ್ ತುದಿಗಳನ್ನು ಅನೇಕರು ಬಿಚ್ಚಿಯೂ ನೋಡುವುದಿಲ್ಲ. ಎಡ ಮತ್ತು ಬಲ ಕಿವಿಗಳ ನಾಳಗಳ ಅಳತೆ ಬೇರೆಬೇರೆ ಇರಬಹುದಾದ್ದರಿಂದ ಒಂದು ಕಿವಿಗೆ ಮಧ್ಯಮ, ಇನ್ನೊಂದಕ್ಕೆ ದೊಡ್ಡ ತುದಿ ಬೇಕಾಗುವುದೂ ಉಂಟು. ಹೊಸ ಸಾಧನ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಇದೇ.

ಬಗೆಗಳು

ವಿದ್ಯುತ್ ಸುರುಳಿ ಮತ್ತು ಆಯಸ್ಕಾಂತದಿಂದ ಕೆಲಸ ಮಾಡುವ ಡೈನಾಮಿಕ್ ಹೆಡ್‌ಫೋನ್ 1937ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯಿಂದ ಹೊರಬಂದಿತು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಸಂಗೀತ ಕೇಳುವುದಕ್ಕೆಂದೇ ಸ್ಟೀರಿಯೋ ಹೆಡ್‌ಫೋನನ್ನು ಪರಿಚಯಿಸಿದರು. ಇಂದು ದೊರೆಯುವ ಬಗೆಗಳಲ್ಲಿ, ಕಿವಿಯ ನಾಳದೊಳಗೆ ಸೇರುವ ಇಯರ್‌ಫೋನ್ ಮತ್ತು ಇಡೀ ಕಿವಿಯನ್ನು ಸುತ್ತುವರಿಯುವ ಮುಚ್ಚಿದ ಬಟ್ಟಲಿನ ಹೆಡ್‌ಫೋನ್ ಮಂದ್ರಕ್ಕೆ ಅನುಕೂಲ. ಕಿವಿಯ ಹೊರಗೆ ಸುಮ್ಮನೆ ತೂಗುವ ಬಗೆಯ ಇಯರ್‌ಫೋನ್‌ಗಳಲ್ಲಿ ಮುಚ್ಚಿಕೆಯಿಲ್ಲದ ಕಾರಣ ಮಂದ್ರ ಕಡಿಮೆ. ಹಿಂಬದಿ ತೆರೆದ ಹೆಡ್‌ಫೋನ್‌ಗಳು ನಿಶ್ಶಬ್ದ ಕೋಣೆಗೆ ಸೂಕ್ತವಾಗಿದ್ದು, ಅವುಗಳಲ್ಲಿ ನಾದ ವಿಶಾಲವಾಗಿ ಕೇಳಿಸಿದರೂ ಅತಿ ಕೆಳಗಿನ ಮಂದ್ರ ಸಾಮಾನ್ಯವಾಗಿ ಕ್ಷೀಣ.

ಹವಾಮಾನವನ್ನೂ ಗಮನಿಸಬೇಕಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು ಜಿಲ್ಲೆಯಂತಹ ಪ್ರದೇಶದಲ್ಲಿ ಕಿವಿ ಸುತ್ತುವರಿಯುವ ಹೆಡ್‌ಫೋನನ್ನು ಅರ್ಧ ಗಂಟೆ ಧರಿಸುವುದೂ ಕಷ್ಟ. ಬೆವರು ಮತ್ತು ಬಿಸಿಗೆ ಕೃತಕ ಚರ್ಮದ ದಿಂಬುಗಳು ಸಿಪ್ಪೆಯೇಳುತ್ತವೆ. ದಿಂಬು ಹರಿದರೆ ಮುಚ್ಚಿಕೆ ಹೋಗುತ್ತದೆ, ಅದರೊಡನೆ ಮಂದ್ರವೂ ಹೋಗುತ್ತದೆ. ದಿಂಬುಗಳು ಬಿಡಿಯಾಗಿ ದೊರೆಯುತ್ತವೆಯೇ ಎಂದು ಕೊಳ್ಳುವಾಗಲೇ ವಿಚಾರಿಸುವುದು ಒಳಿತು.

ಪ್ರಯಾಣದಲ್ಲಿ ಮಂದ್ರ

ಹೆಡ್‌ಫೋನ್ ಬಳಕೆಯಾಗುವ ಸ್ಥಳಗಳಲ್ಲಿ ಬಸ್ಸೂ ಒಂದು. ಮಾನ್ವಿ ಮತ್ತು ಸಿಂಧನೂರುಗಳ ನಡುವಿನ ಪೋತ್ನಾಳದಿಂದ ಕಾಲೇಜಿಗೋ ಕೆಲಸಕ್ಕೋ ನಿತ್ಯ ಓಡಾಡುವವರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್‌ನಿಂದ ಜೋರಾಗಿ ಹಾಡು ಹಾಕುವುದನ್ನು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2021ರ ನವೆಂಬರ್‌ನಲ್ಲಿ ನಿಷೇಧಿಸಿತು. ಇಯರ್‌ಫೋನ್ ಬಳಕೆಗೆ ಇದೂ ಒಂದು ಪ್ರೇರಣೆ.

ಡೀಸೆಲ್ ಎಂಜಿನ್ನಿನ ಗದ್ದಲದ ಬಹುಪಾಲು ಇರುವುದು ಕೆಳಗಿನ ಆವೃತ್ತಿಗಳಲ್ಲಿ. ಮನೆಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಹಾಡಿನ ಮಂದ್ರವನ್ನು ಬಸ್ಸಿನಲ್ಲಿ ಆ ಗದ್ದಲ ನುಂಗಿಬಿಡುತ್ತದೆ. ಕೇಳುಗನು ಸಾಧನದಲ್ಲಿ ಬೇಸ್ ಇಲ್ಲವೆಂದು ಭಾವಿಸಿ ಸದ್ದು ಏರಿಸುತ್ತಾನೆ. ಹಾಗೆ ಏರಿಸಿದಾಗ ಮಂದ್ರದೊಂದಿಗೆ ಮೇಲಿನ ಎಲ್ಲ ಆವೃತ್ತಿಗಳೂ ಏರುತ್ತವೆ. ಅತಿಸದ್ದಿನಿಂದ ಬರುವ ಶ್ರವಣದೋಷ ಮೊದಲು ಕಾಣಿಸಿಕೊಳ್ಳುವುದು 3000ದಿಂದ 6000 ಹರ್ಟ್ಸ್‌ನ ಆಸುಪಾಸಿನಲ್ಲಿ. ಹೀಗೆ ಮಂದ್ರದ ಆಸೆಗೆ ಬೆಲೆ ತೆರುವುದು ಕಿವಿಯ ಬೇರೊಂದು ಭಾಗ. ಇದಕ್ಕೆ ಪರಿಹಾರ ಹೆಚ್ಚು ಬೇಸ್ ಉಳ್ಳ ಸಾಧನವಲ್ಲ, ಹೊರಗಿನ ಗದ್ದಲವನ್ನು ತಡೆಯುವ ಸಾಧನ. ಬಿಗಿಯಾದ ರಬ್ಬರ್ ಅಥವಾ ಫೋಮ್ ತುದಿ ಒಂದಿಷ್ಟು ತಡೆಯುತ್ತದೆ. ವಿರುದ್ಧ ತರಂಗವನ್ನು ಹುಟ್ಟಿಸಿ ಗದ್ದಲವನ್ನು ಅಳಿಸುವ ‘ನಾಯ್ಸ್ ಕ್ಯಾನ್ಸಲಿಂಗ್’ ತಂತ್ರ ಕೆಳಗಿನ ಆವೃತ್ತಿಗಳಲ್ಲಿಯೇ ಹೆಚ್ಚು ಪರಿಣಾಮಕಾರಿ. ರಸ್ತೆ ದಾಟುವಾಗ ಮತ್ತು ವಾಹನ ನಡೆಸುವಾಗ ಇದೇ ಗುಣ ಅಪಾಯಕಾರಿಯಾದ್ದರಿಂದ ಆಗ ಅವನ್ನು ತೆಗೆದಿಡಬೇಕು.

ಪೆಟ್ಟಿಗೆಯ ಮೇಲಿನ ಅಂಕಿಗಳು

‘20–20,000 ಹರ್ಟ್ಸ್’ ಎಂಬ ಬರಹ ಅನೇಕ ಪೆಟ್ಟಿಗೆಗಳ ಮೇಲೆ ಇರುತ್ತದೆ. ಆ ವ್ಯಾಪ್ತಿಯಲ್ಲಿ ಸದ್ದು ಎಷ್ಟು ಡೆಸಿಬೆಲ್ ಏರಿಳಿಯುತ್ತದೆ ಎಂದು ಹೇಳದಿದ್ದರೆ ಅದರಿಂದ ತಿಳಿಯುವುದು ಏನೂ ಇಲ್ಲ. ಪೊರೆಯ ಅಗಲವೂ ಅಷ್ಟೇ: 13 ಮಿಲಿಮೀಟರ್ ಪೊರೆ 8 ಮಿಲಿಮೀಟರ್ ಪೊರೆಗಿಂತ ಹೆಚ್ಚು ಮಂದ್ರ ಕೊಡುತ್ತದೆ ಎಂಬ ಖಾತರಿಯಿಲ್ಲ. ಮೊಬೈಲ್‌ಗೆ ನೇರವಾಗಿ ಜೋಡಿಸುವವರಿಗೆ 16ರಿಂದ 32 ಓಮ್ ರೋಧವುಳ್ಳವು ಸಾಕು. ಬ್ಲೂಟೂತ್‌ನಿಂದ ಬೇಸ್ ಕಡಿಮೆಯಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಸಂಕುಚನದಲ್ಲಿ ಮೊದಲು ಕಳೆಯುವುದು ಅತಿ ಮೇಲಿನ ಆವೃತ್ತಿಗಳು.

ಅಮೆರಿಕದ ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು 2012ರ ನಂತರ ನಡೆಸಿದ ಕೇಳುವ ಪ್ರಯೋಗಗಳಲ್ಲಿ ಹೆಚ್ಚಿನ ಕೇಳುಗರು ಕೆಲವೇ ಡೆಸಿಬೆಲ್‌ಗಳಷ್ಟು ಎತ್ತರಿಸಿದ ಮಂದ್ರವನ್ನು ಮೆಚ್ಚಿದರು. ಬೇಸ್ ಇಷ್ಟಪಡುವುದು ಕೀಳು ಅಭಿರುಚಿ ಎಂದು ಕೆಲವರು ಹೇಳುವುದುಂಟು. ಪ್ರಯೋಗಗಳು ಆ ಮಾತನ್ನು ಸಮರ್ಥಿಸುವುದಿಲ್ಲ. ತೊಡಕಾಗುವುದು ಎತ್ತರಿಕೆ ಮಿತಿ ಮೀರಿ 200 ಹರ್ಟ್ಸ್‌ನಾಚೆಗೂ ಹರಡಿ ಗಾಯಕನ ಧ್ವನಿಯನ್ನು ಮಸುಕಾಗಿಸಿದಾಗ.

ಕೇಳಿ ಪರೀಕ್ಷಿಸುವುದು

ಪರೀಕ್ಷೆಗೆ ಚೆನ್ನಾಗಿ ಪರಿಚಯವಿರುವ ಧ್ವನಿಮುದ್ರಣವನ್ನೇ ಆರಿಸಿಕೊಳ್ಳಬೇಕು. ತಬಲಾ ಜೋಡಿಯ ಎಡಭಾಗವಾದ ಡಗ್ಗಾ ಇದಕ್ಕೆ ಉತ್ತಮ ಸಾಧನ. ವಾದಕನು ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಜಾರಿಸಿದಾಗ ಅದರ ನಾದ ಕೆಳಗಿನಿಂದ ಮೇಲಕ್ಕೆ ನಯವಾಗಿ ಏರುತ್ತದೆ. ಒಳ್ಳೆಯ ಹೆಡ್‌ಫೋನ್‌ನಲ್ಲಿ ಈ ಏರಿಕೆ ಎಳೆ ತುಂಡಾಗದೆ ಕೇಳಿಸಬೇಕು. ಮಂದ್ರವನ್ನು ಒರಟಾಗಿ ಉಬ್ಬಿಸಿದ ಸಾಧನದಲ್ಲಿ ಪ್ರತಿಯೊಂದು ಪೆಟ್ಟೂ ಒಂದೇ ‘ಧಂ’ ಆಗಿ ಕೇಳಿಸುತ್ತದೆ. ಮೃದಂಗದ ಎಡಂತಲೆಗೆ ರವೆಯ ಕಣಕ ಹಚ್ಚುವುದರಿಂದ ಬರುವ ಗುಂಭವೂ ಡೊಳ್ಳಿನಲ್ಲಿ ಕೋಲಿನ ಪೆಟ್ಟು ಮತ್ತು ಕೈಪೆಟ್ಟುಗಳ ವ್ಯತ್ಯಾಸವೂ ಇಂತಹದೇ ಒರೆಗಲ್ಲುಗಳು.

ಎರಡನೆಯ ಪರೀಕ್ಷೆ ಮಾತಿನದು. ರಾಯಚೂರಿನ ರಂಗಮಂದಿರಕ್ಕೆ ಹೆಸರಾಗಿರುವ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನವನ್ನಾಗಲಿ, ಮಾನ್ವಿ ಸೀಮೆಯ ವಿಜಯದಾಸರ, ಜಗನ್ನಾಥದಾಸರ ಪದಗಳನ್ನಾಗಲಿ ಕೇಳಿದಾಗ ಸಾಹಿತ್ಯದ ಪ್ರತಿ ಅಕ್ಷರ ಸ್ಪಷ್ಟವಾಗಿರಬೇಕು. ಪಕ್ಕವಾದ್ಯವು ಗಾಯಕನ ಮುಂದೆ ಬಂದು ನಿಂತಂತೆ ಕೇಳಿಸಿದರೆ ಆ ಸಾಧನ ಇಂತಹ ಸಂಗೀತಕ್ಕೆ ತಕ್ಕುದಲ್ಲ, ನೃತ್ಯಗೀತೆಗಳಿಗೆ ಒಗ್ಗಬಹುದು. ಹಳೆಯ ಧ್ವನಿಮುದ್ರಣಗಳಲ್ಲಿ ಮಂದ್ರವೇ ಕಡಿಮೆ ಇರುವುದರಿಂದ ಅವುಗಳಿಂದ ಮಾತ್ರ ತೀರ್ಮಾನಿಸಬಾರದು.

ಸಣ್ಣ ಊರುಗಳ ಅಂಗಡಿಗಳಲ್ಲಿ ಮುಚ್ಚಿದ ಪೆಟ್ಟಿಗೆಯನ್ನು ಬಿಚ್ಚಿ ಕೇಳಿಸುವ ವಾಡಿಕೆ ಕಡಿಮೆ. ಸ್ನೇಹಿತರ ಸಾಧನವನ್ನು ತುದಿ ಬದಲಿಸಿ ಕೇಳಿ ನೋಡುವುದು, ಹಿಂದಿರುಗಿಸುವ ಅವಕಾಶವಿರುವಲ್ಲಿ ಕೊಳ್ಳುವುದು ಉಳಿದ ದಾರಿಗಳು. ಸಾಧಾರಣ ಸಾಧನವಿದ್ದವರು ಮೊಬೈಲಿನ ಈಕ್ವಲೈಸರ್‌ನಲ್ಲಿ 60 ಹರ್ಟ್ಸ್ ಪಟ್ಟಿಯನ್ನು 3–4 ಡೆಸಿಬೆಲ್ ಏರಿಸಿ ನೋಡಬಹುದು. ಅದಕ್ಕಿಂತ ಹೆಚ್ಚಿಸಿದರೆ ಸಣ್ಣ ಪೊರೆಗಳು ಒಡಕಾಗಿ ಸದ್ದು ಮಾಡತೊಡಗುತ್ತವೆ.

ಶ್ರವಣ ಸುರಕ್ಷತೆ

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಕೇಳಬಹುದು, ಮಕ್ಕಳಿಗೆ ಈ ಮಿತಿ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ಬಸ್ಸಿನ ಗದ್ದಲವನ್ನು ಮೀರಿಸುವಷ್ಟು ಸದ್ದಿನಲ್ಲಿ ದಿನಕ್ಕೆರಡು ಬಾರಿ ಪ್ರಯಾಣಿಸುವ ವಿದ್ಯಾರ್ಥಿ ವಾರದ ಮಿತಿಯನ್ನು ಕೆಲವೇ ದಿನಗಳಲ್ಲಿ ಮುಗಿಸಿಬಿಡುವ ಸಂಭವವಿದೆ.

ಇಯರ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವುದು, ಮಾತಿನಲ್ಲಿ ‘ಸ’, ‘ಷ’ದಂತಹ ವ್ಯಂಜನಗಳು ತಪ್ಪಿಹೋಗುವುದು ಮೊದಲ ಲಕ್ಷಣಗಳು. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಇಂತಹ ಲಕ್ಷಣಗಳು ಕಂಡವರು ಶ್ರವಣಮಾಪನ ಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯಕೀಯ ಕಾಲೇಜುಗಳ ಕಿವಿ, ಮೂಗು, ಗಂಟಲು ವಿಭಾಗಗಳಲ್ಲಿಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಈ ಪರೀಕ್ಷೆಗೆ ವ್ಯವಸ್ಥೆಯಿದೆ.