ಗಣಕಲೋಕದ ಹಾಜರಿ ಪುಸ್ತಕ

ನಿಂತುದು ಸ್ಥಾವರ, ಚಲಿಸುವುದು ಜಂಗಮ ಎಂಬುದು ಈ ಶಬ್ದಗಳ ಸಾಮಾನ್ಯಾರ್ಥ. ದೇಗಾಂವದ ಕಮಲನಾರಾಯಣ ದೇವಾಲಯವು ಗೋವೆಯ ಕದಂಬರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ರಾಣಿ ಕಮಲಾದೇವಿಯಿಂದ ನಿರ್ಮಿತವಾಯಿತು. ಅದು ನಿಂತ ನೆಲೆ ಅಂದು ಯಾವುದೋ ಇಂದೂ ಅದೇ. ಸ್ಥಾವರದ ವಿಳಾಸವನ್ನು ಒಮ್ಮೆ ಬರೆದಿಟ್ಟರೆ ಸಾಕು. ಕ್ಷಣಕ್ಷಣಕ್ಕೂ ನೆಲೆ ಬದಲಿಸುವ ಜಂಗಮದ ವಿಳಾಸವನ್ನಾದರೋ ಬರೆದಿಡುವುದು ಹೇಗೆ? ಈ ಪ್ರಶ್ನೆಯೇ ಇಂದಿನ ಗಣಕಯಂತ್ರಗಳ ಲೋಕದಲ್ಲಿ ‘ಸರ್ವಿಸ್ ಡಿಸ್ಕವರಿ’, ಅರ್ಥಾತ್ ಸೇವಾಶೋಧ, ಎಂಬ ಉಪಾಯಕ್ಕೆ ಕಾರಣವಾಯಿತು. ರೈತನ ಉತಾರ, ವಿದ್ಯಾರ್ಥಿಯ ಫಲಿತಾಂಶ, ವೃದ್ಧರ ಪಿಂಚಣಿ ಇವೆಲ್ಲ ಗಣಕಗಳ ಮೂಲಕವೇ ದೊರೆಯುವ ಈ ಕಾಲದಲ್ಲಿ, ಕೆಟ್ಟು ನಿಂತ ಸೇವೆಯು ಮೇಲ್ವಿಚಾರಕರ ಗಮನಕ್ಕೆ ಬಾರದೆ ಹೋದರೆ ಬವಣೆ ಪಡುವವರು ಸರತಿಯಲ್ಲಿ ನಿಂತ ಜನ. ಆದಕಾರಣ ಈ ವಿಷಯವು ಆ ವೃತ್ತಿಯವರಿಗೆ ಮಾತ್ರ ಮೀಸಲಾದುದಲ್ಲ.

ಹಿಂದೆ ಒಂದೊಂದು ಕಾರ್ಯಕ್ರಮಕ್ಕೆ ಒಂದೊಂದು ಯಂತ್ರವನ್ನು ಗೊತ್ತುಪಡಿಸುವುದು ವಾಡಿಕೆಯಾಗಿತ್ತು. 2013ರಲ್ಲಿ ‘ಡಾಕರ್’ ಎಂಬ ಸಾಧನವು ಬಂದ ಮೇಲೆ ‘ಕಂಟೇನರ್’ ಪದ್ಧತಿಯು ಬಳಕೆಗೆ ಬಂದಿತು. ಬುತ್ತಿ ಕಟ್ಟಿಕೊಂಡು ಹೊರಟ ಪಯಣಿಗನು ಯಾವ ಊರಿನಲ್ಲಿ ಇಳಿದರೂ ಪರಾವಲಂಬಿಯಾಗನಷ್ಟೆ. ಹಾಗೆಯೇ ಕಾರ್ಯಕ್ರಮವೂ ಅದಕ್ಕೆ ಬೇಕಾದ ಪರಿಕರಗಳೂ ಒಂದೇ ಗಂಟಿನಲ್ಲಿದ್ದು, ಯಾವ ಯಂತ್ರದಲ್ಲಿ ಇರಿಸಿದರೂ ಅದು ನಡೆಯುವುದು. ಇಂಥ ಗಂಟುಗಳನ್ನು ಯಂತ್ರಗಳಿಗೆ ಹಂಚುವ ‘ಕುಬರ್ನೆಟೀಸ್’ ವ್ಯವಸ್ಥೆಯನ್ನು ಗೂಗಲ್ ಸಂಸ್ಥೆಯು 2014ರಲ್ಲಿ ಪ್ರಕಟಿಸಿತು. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ಚುಕ್ಕಾಣಿಗನೆಂದು ಅರ್ಥ.

ಇದರ ಅಗತ್ಯವೇನೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವುಂಟು. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು ಮೊದಲ ಬಾರಿಗೆ ನಡೆಸಿದ ಮಹಾಮಾರಾಟದ ದಿನ, ಸುಮಾರು 5000 ಗಣಕಗಳನ್ನು ಅಣಿಗೊಳಿಸಿದ್ದರೂ ನುಗ್ಗಿಬಂದ ಗ್ರಾಹಕರಿಗೆ ಅವು ಸಾಲದಾದವು; ಸಂಸ್ಥಾಪಕರು ಕ್ಷಮೆ ಯಾಚಿಸಬೇಕಾಯಿತು. ಬರುವವರ ಸಂಖ್ಯೆಯನ್ನು ಮುಂದಾಗಿ ಎಣಿಸುವುದು ದುಸ್ತರ. ಜಾತ್ರೆಯ ದಾಸೋಹದಲ್ಲಿ ಪಂಕ್ತಿ ಬೆಳೆದಂತೆ ಬಡಿಸುವವರೂ ಹೆಚ್ಚುವಂತೆ, ಕುಬರ್ನೆಟೀಸ್ ವ್ಯವಸ್ಥೆಯು ಬೇಡಿಕೆಗೆ ತಕ್ಕಂತೆ ಕಂಟೇನರುಗಳನ್ನು ಹೆಚ್ಚಿಸಬಲ್ಲುದು, ಕುಗ್ಗಿಸಬಲ್ಲುದು. ಒಂದು ಅಳಿದರೆ ಮತ್ತೊಂದನ್ನು ಹುಟ್ಟಿಸಬಲ್ಲುದು. ಆದರೆ ಹಾಗೆ ಹುಟ್ಟಿದುದಕ್ಕೆ ಹೊಸ ವಿಳಾಸ.

ಇವುಗಳ ಯೋಗಕ್ಷೇಮವನ್ನು ವಿಚಾರಿಸುವ ಸಾಧನಗಳಲ್ಲಿ ‘ಪ್ರಾಮಿಥಿಯಸ್’ ಪ್ರಸಿದ್ಧವಾದುದು. 2012ರಲ್ಲಿ ಬರ್ಲಿನ್ನಿನ ಸೌಂಡ್‌ಕ್ಲೌಡ್ ಎಂಬ ಸಂಗೀತಸೇವೆಯ ಸಂಸ್ಥೆಯಲ್ಲಿ ಇದರ ರಚನೆ ಆರಂಭವಾಯಿತು. ಪ್ರತಿಯೊಂದು ಕಾರ್ಯಕ್ರಮವೂ ತನ್ನ ಸ್ಥಿತಿಯನ್ನು ಅಂಕಿಗಳಲ್ಲಿ ಬರೆದು ಬಾಗಿಲಲ್ಲಿ ತೂಗುಹಾಕುತ್ತದೆ. ಪ್ರಾಮಿಥಿಯಸ್ ತಾನೇ ಹೋಗಿ ಅದನ್ನು ಓದಿಕೊಂಡು ಬರುತ್ತದೆ. ಬೇರೆ ಆಜ್ಞೆಯಿಲ್ಲದಿದ್ದರೆ ನಿಮಿಷಕ್ಕೊಮ್ಮೆ ಈ ಭೇಟಿ. ಉತ್ತರ ದೊರೆತರೆ ‘ಅಪ್’ ಎಂಬ ಅಂಕಣದಲ್ಲಿ 1, ದೊರೆಯದಿದ್ದರೆ 0. ಇದೇ ಅದರ ಹಾಜರಿ ಪುಸ್ತಕ.

ಯಾರ ಬಾಗಿಲಿಗೆ ಹೋಗಬೇಕೆಂಬುದನ್ನು ಸೂಚಿಸುವ ಸರಳ ಮಾರ್ಗವೆಂದರೆ ವಿಳಾಸಗಳನ್ನು ಕೈಯಿಂದ ಬರೆದಿಡುವುದು. ಇದಕ್ಕೆ ‘ಸ್ಟ್ಯಾಟಿಕ್ ಕಾನ್ಫಿಗ್’ ಎಂದು ಹೆಸರು. ಸ್ಥಾವರಕ್ಕೆ ಇದು ತಕ್ಕುದು. ಜಂಗಮಕ್ಕೆ ಅನ್ವಯಿಸಿದರೆ ಎರಡು ದೋಷಗಳು. ಅಳಿದುದರ ಹೆಸರು ಪಟ್ಟಿಯಲ್ಲಿ ಉಳಿದು ಹುಸಿ ಎಚ್ಚರಿಕೆ ಮೊಳಗುವುದು ಮೊದಲನೆಯದು. ಎರಡನೆಯದು ಇದಕ್ಕಿಂತ ಕೇಡಿನದು: ಹೊಸದಾಗಿ ಹುಟ್ಟಿದುದರ ಹೆಸರು ಪಟ್ಟಿಯಲ್ಲಿಯೇ ಇರದು. ಜೂನ್ ತಿಂಗಳ ಹಾಜರಿಯನ್ನೇ ವರ್ಷವಿಡೀ ಕೂಗುವ ಉಪಾಧ್ಯಾಯರಿಗೆ ಆಗಸ್ಟಿನಲ್ಲಿ ಸೇರಿದ ಮಗುವಿನ ಗೈರುಹಾಜರಿ ತಿಳಿಯುವುದುಂಟೆ?

ಆದ್ದರಿಂದ ಪಟ್ಟಿಯನ್ನು ಬರೆದಿಡದೆ, ಪಟ್ಟಿ ಬಲ್ಲವರನ್ನು ಕೇಳುವುದು ಸೇವಾಶೋಧದ ತಿರುಳು. ಕಂಟೇನರುಗಳ ಹುಟ್ಟುಸಾವುಗಳನ್ನು ಬಲ್ಲುದು ಕುಬರ್ನೆಟೀಸ್. ಪ್ರಾಮಿಥಿಯಸಿನ ವಿನ್ಯಾಸಪತ್ರದಲ್ಲಿ ‘ಕುಬರ್ನೆಟೀಸ್ ಎಸ್‌ಡಿ ಕಾನ್ಫಿಗ್’ ಎಂಬ ಭಾಗವನ್ನು ಸೇರಿಸಿ, ಶೋಧಿಸಬೇಕಾದುದು ಯಂತ್ರಗಳನ್ನೋ, ಕಂಟೇನರು ನೆಲೆಸುವ ‘ಪಾಡ್’ಗಳನ್ನೋ, ಸೇವೆಗಳನ್ನೋ ಎಂದು ‘ರೋಲ್’ ಪದದಿಂದ ನಿರ್ದೇಶಿಸಬೇಕು. ಪಟ್ಟಿಯನ್ನು ಓದುವ ಮತ್ತು ಅದರ ಬದಲಾವಣೆಗಳನ್ನು ಗಮನಿಸುವ ಅಧಿಕಾರವನ್ನೂ ಕೊಡಬೇಕು. ಕೊಡದಿದ್ದರೆ ಶೋಧವು ಬರಿಗೈಯಲ್ಲಿ ಮರಳುವುದು. ಕುಬರ್ನೆಟೀಸ್ ಇಲ್ಲದ ಸಣ್ಣ ವ್ಯವಸ್ಥೆಗಳಿಗೆ ಕಡತದ ಮೂಲಕ ಶೋಧಿಸುವ ಮಾರ್ಗವೂ ಉಂಟು: ಕಡತ ಬದಲಾದೊಡನೆ ಪಟ್ಟಿಯೂ ಬದಲಾಗುವುದು.

ಶೋಧಿಸಿದುದೆಲ್ಲವೂ ಗ್ರಾಹ್ಯವಲ್ಲ. ಬೇಕಾದುದನ್ನು ಆರಿಸಿ, ಬೇಡವಾದುದನ್ನು ತೊರೆದು, ಹೆಸರಿಡುವ ಕ್ರಮಕ್ಕೆ ‘ರೀಲೇಬಲ್’ ಎನ್ನುವರು. ಶೋಧದಲ್ಲಿ ದೊರೆತ ‘ಮೆಟಾ’ ಗುರುತುಗಳು ಈ ಹಂತವು ಮುಗಿದೊಡನೆ ಅಳಿಸಿಹೋಗುತ್ತವೆ. ಸೇವೆಯ ಹೆಸರನ್ನೂ ವಿಭಾಗವನ್ನೂ ಆಗಲೇ ಪ್ರತಿಮಾಡಿಕೊಳ್ಳದಿದ್ದರೆ, ಏನೋ ಕೆಟ್ಟಿದೆಯೆಂಬುದು ತಿಳಿದೀತು. ಕೆಟ್ಟುದು ಯಾವುದೆಂಬುದು ತಿಳಿಯದು. ಉಳಿಯುವುದು ಕೇವಲ ವಿಳಾಸ, ಅದಾದರೂ ನಾಳೆ ಇಲ್ಲವಾಗುವಂಥದು.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಅಂಶ ಒಂದುಂಟು. ಪಟ್ಟಿಯಲ್ಲಿದ್ದು ಉತ್ತರಿಸದ ಸೇವೆಗೆ 0 ಬೀಳುತ್ತದೆ. ಪಟ್ಟಿಯಿಂದಲೇ ಮರೆಯಾದ ಸೇವೆಗಾದರೋ 0 ಸಹ ಬೀಳದು. ಅದರ ಸಾಲೇ ನಿಂತುಹೋಗುವುದು. ಗುರುತಿನಲ್ಲಿ ಒಂದಕ್ಷರ ತಪ್ಪಿದರೆ ಸಾಕು, ಆರಿಸುವ ನಿಯಮವು ಅದನ್ನು ಸದ್ದಿಲ್ಲದೆ ಹೊರಗಿಡುತ್ತದೆ. ಶೂನ್ಯವನ್ನು ಮಾತ್ರ ಹುಡುಕುವ ಎಚ್ಚರಿಕೆಗೆ ಆಗ ಎಲ್ಲವೂ ಕ್ಷೇಮವೆಂದೇ ತೋರುವುದು. ಇದಕ್ಕೆ ‘ಆಬ್ಸೆಂಟ್’ ಎಂಬ ಪರೀಕ್ಷೆಯಿದೆ. ಆದರೆ ಮೂರು ಪ್ರತಿಗಳಲ್ಲಿ ಒಂದು ಉಳಿದಿದ್ದರೂ ಅದು ಮಾತಾಡದು. ಆದಕಾರಣ ಇರಬೇಕಾದುವು ಎಷ್ಟು, ಕಂಡುಬಂದುವು ಎಷ್ಟು ಎಂಬ ಎರಡು ಎಣಿಕೆಗಳನ್ನು ಬೇರೆಬೇರೆಯಾಗಿ ಪಡೆದು ಹೋಲಿಸುವುದೇ ಸರಿಯಾದ ಮಾರ್ಗ.

ಶಾಲೆಗಳಲ್ಲಿ ಈ ವಿವೇಕವು ಹೊಸದಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯಿಸಿಕೊಂಡ ಮಗುವಿನ ಮನೆಗೆ ಉಪಾಧ್ಯಾಯರು ಹೋಗಿ ವಿಚಾರಿಸಿಯಾರು. ಹೆಸರೇ ಇಲ್ಲದ ಮಗುವನ್ನು ಕಂಡುಹಿಡಿಯಲು ಪುಸ್ತಕ ಸಾಲದು. ಊರಿನ ಮನೆಮನೆಯ ಮಕ್ಕಳನ್ನು ಎಣಿಸಿದ ಮತ್ತೊಂದು ಲೆಕ್ಕ ಬೇಕು. ಗಣಕಗಳ ಮೇಲ್ವಿಚಾರಣೆಯಲ್ಲಿ ತೊಡಗಿರುವ ಹಳೆಯ ವಿದ್ಯಾರ್ಥಿಗಳು ಕಾಯಬೇಕಾದುದೂ ಈ ಎರಡನೆಯ ಲೆಕ್ಕವನ್ನೇ.