ಮನೆಯ ಕಂಪ್ಯೂಟರಿಗೆ ಎರಡನೇ ಮಾನಿಟರ್: ಲೆಕ್ಕ ತಾಳೆ ನೋಡುವವರಿಗೆ ಬಹಳ ಅನುಕೂಲ



ಹಿಂದೆ ನಮ್ಮ ಲೆಕ್ಕವೆಲ್ಲ ಗಲ್ಲಾದ ಪಕ್ಕದ ಖಾತೆ ಪುಸ್ತಕದಲ್ಲಿ ಮುಗಿಯುತ್ತಿತ್ತು. ಎಡಗಡೆ ಬಿಲ್ಲಿನ ಕಟ್ಟು, ಬಲಗಡೆ ಪುಸ್ತಕ ಇಟ್ಟುಕೊಂಡು ಒಂದೊಂದಕ್ಕೆ ಟಿಕ್ ಹಾಕುತ್ತಿದ್ದೆವು. ಈಗ ಬಿಲ್ಲೂ ಕಂಪ್ಯೂಟರಿನಲ್ಲಿ, ಪುಸ್ತಕವೂ ಕಂಪ್ಯೂಟರಿನಲ್ಲಿ. ಪರದೆ ಮಾತ್ರ ಒಂದೇ. ಒಂದನ್ನು ತೆರೆದರೆ ಇನ್ನೊಂದು ಮರೆಯಾಗುತ್ತದೆ. ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡು ಹೊಡೆಯುವಾಗ 1,680 ಎಂಬುದು 1,860 ಆಗಲು ಎಷ್ಟು ಹೊತ್ತು ಬೇಕು? ಅದರಲ್ಲೂ ರಾತ್ರಿ ಹೊಟೇಲ್ ಮುಚ್ಚಿ ಮನೆಗೆ ಬಂದು ಲೆಕ್ಕಕ್ಕೆ ಕುಳಿತುಕೊಳ್ಳುವವರು ನಾವು.

ಇದಕ್ಕೆ ಸುಲಭ ಉಪಾಯ, ಮನೆಯ ಕಂಪ್ಯೂಟರಿಗೆ ಇನ್ನೊಂದು ಮಾನಿಟರ್ ಜೋಡಿಸುವುದು. ಎರಡು ಕಂಪ್ಯೂಟರ್ ಬೇಕಿಲ್ಲ. ಒಂದೇ ಸಿಪಿಯು, ಒಂದೇ ಕೀಬೋರ್ಡ್, ಒಂದೇ ಮೌಸ್. ಪರದೆ ಮಾತ್ರ ಎರಡು.

ಎಲ್ಲಿ ಉಪಯೋಗ?

ಆನ್‌ಲೈನ್ ಆ್ಯಪ್‌ಗಳ ಲೆಕ್ಕವನ್ನೇ ನೋಡೋಣ. ಅವರು ಕಳಿಸುವ ಎಕ್ಸೆಲ್ ಹಾಳೆಯಲ್ಲಿ ಆರ್ಡರ್ ನಂಬರ್, ಬಿಲ್ ಮೊತ್ತ, ರಿಯಾಯಿತಿಯಲ್ಲಿ ನಮ್ಮ ಪಾಲು, ಕಮಿಷನ್, ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ, ಟಿಡಿಎಸ್, ರದ್ದಾದ ಆರ್ಡರಿನ ಕಡಿತ ಎಂದು ಸಾಲು ಸಾಲು ಇರುತ್ತದೆ. ಕೊನೆಗೆ ಬ್ಯಾಂಕಿಗೆ ಬರುವುದು ಒಂದೇ ಮೊತ್ತ. ನಮ್ಮ ಬಿಲ್ಲಿಂಗ್ ಪಟ್ಟಿಯನ್ನು ಪಕ್ಕದಲ್ಲಿಟ್ಟು ಆರ್ಡರ್ ನಂಬರ್ ಹಿಡಿದು ತಾಳೆ ನೋಡದಿದ್ದರೆ ಎಲ್ಲಿ ಎಷ್ಟು ಕಡಿತವಾಯಿತು ಎಂಬುದು ತಿಳಿಯುವುದಿಲ್ಲ. ಒಂದು ಆರ್ಡರಿನಲ್ಲಿ ಇಪ್ಪತ್ತು ಮೂವತ್ತು ರೂಪಾಯಿ ಎಂದು ಬಿಟ್ಟರೆ ತಿಂಗಳಿಗೆ ಹನಿ ಹನಿಗೂಡಿ ಹಳ್ಳವೇ ಆಗುತ್ತದೆ.

ತೆರಿಗೆಯ ವಿಷಯವೂ ಇದೆ. 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋಗುವ ನಮ್ಮ ಊಟ ತಿಂಡಿಯ ಜಿಎಸ್‌ಟಿಯನ್ನು ಆ್ಯಪ್‌ನವರೇ ಸರಕಾರಕ್ಕೆ ಕಟ್ಟುತ್ತಾರೆ. ಆದರೂ ಆ ಮಾರಾಟವನ್ನು ನಾವು ಜಿಎಸ್‌ಟಿಆರ್-3ಬಿಯ 3.1.1 ಕೋಷ್ಟಕದಲ್ಲಿ ಬೇರೆಯಾಗಿ ತೋರಿಸಬೇಕು. ಅದು ಗಲ್ಲಾದ ಮಾರಾಟದೊಂದಿಗೆ ಸೇರಿಹೋದರೆ ಒಂದೇ ಊಟಕ್ಕೆ ಎರಡು ಸಲ ತೆರಿಗೆ ಕಟ್ಟಿದಂತಾಗುತ್ತದೆ. ತಿಂಗಳ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20ನೇ ತಾರೀಖು ಕೊನೆಯ ದಿನ. ಅಕೌಂಟೆಂಟರಿಗೆ ಕಾಗದ ಕೊಡುವ ಮೊದಲು ಮಾಲೀಕರೇ ಒಮ್ಮೆ ಎರಡು ಪರದೆಯಲ್ಲಿ ನೋಡಿಕೊಂಡರೆ ನಿಶ್ಚಿಂತೆ.

ಮೊದಲು ಕನೆಕ್ಷನ್ ನೋಡಿ

ಕಂಪ್ಯೂಟರಿನ ಹಿಂಬದಿಯಲ್ಲಿ ಮಾನಿಟರಿಗೆ ಎಂದು ಇರುವ ಕಿಂಡಿಗಳನ್ನು ನೋಡಿ. ನೀಲಿ ಬಣ್ಣದ್ದು, 15 ತೂತು, ಎರಡು ಬದಿಗೆ ಸ್ಕ್ರೂ ಇರುವುದು ವಿಜಿಎ. ಇದು 1987ರಷ್ಟು ಹಳೆಯದು. ಚಪ್ಪಟೆಯಾಗಿ, ಕೆಳಗಿನ ಎರಡೂ ಮೂಲೆ ಒಳಕ್ಕೆ ಬಾಗಿರುವುದು ಎಚ್‌ಡಿಎಂಐ. ಮನೆಯ ಟಿವಿಗೆ ಇರುವುದೂ ಇದೇ. ಒಂದೇ ಮೂಲೆ ಕತ್ತರಿಸಿದಂತಿರುವುದು ಡಿಸ್‌ಪ್ಲೇಪೋರ್ಟ್. ಇವುಗಳಲ್ಲಿ ಎರಡು ಇದ್ದರೆ ಸಾಮಾನ್ಯವಾಗಿ ಎರಡು ಮಾನಿಟರ್ ನಡೆಯುತ್ತದೆ. ಲ್ಯಾಪ್‌ಟಾಪ್ ಆದರೆ ಅದರ ಪರದೆಯೇ ಒಂದು, ಎಚ್‌ಡಿಎಂಐಗೆ ಇನ್ನೊಂದು.

ಹೊಟೇಲಿನಿಂದ ತೆಗೆದಿಟ್ಟ ಹಳೇ ಮಾನಿಟರ್ ಅಟ್ಟದಲ್ಲಿದ್ದರೆ ಅದೇ ಸಾಕು. ಅದರಲ್ಲಿ ವಿಜಿಎ ಮಾತ್ರ ಇದ್ದು, ಕಂಪ್ಯೂಟರಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಎರಡು ತುದಿಗೆ ಎರಡು ಪಿನ್ ಇರುವ ಬರೀ ಕೇಬಲ್ ನಡೆಯದು. ಒಂದು ಡಿಜಿಟಲ್, ಇನ್ನೊಂದು ಅನಲಾಗ್. ನಡುವೆ ಕನ್ವರ್ಟರ್ ಬೇಕು. ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚೀ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್ ಇಂಥ ಕಡೆ ಕೇಳುವಾಗ ‘ಎಚ್‌ಡಿಎಂಐಯಿಂದ ವಿಜಿಎಗೆ’ ಎಂದು ದಿಕ್ಕನ್ನೂ ಸ್ಪಷ್ಟವಾಗಿ ಹೇಳಿ. ಉಲ್ಟಾ ತಂದರೆ ಕೆಲಸ ಮಾಡದು. ಹೋಗುವಾಗ ಹಿಂಬದಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಒಂದು ಮಾತು ನೆನಪಿಡಿ. ಕಂಪ್ಯೂಟರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಎರಡೂ ಮಾನಿಟರನ್ನು ಆ ಕಾರ್ಡಿನ ಕಿಂಡಿಗೇ ಜೋಡಿಸಬೇಕು. ಮೇಲಿನ ಮದರ್‌ಬೋರ್ಡಿನ ಕಿಂಡಿಗೆ ಹಾಕಿದರೆ ಅನೇಕ ಸಲ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಮಾನಿಟರ್ ಹಾಳಾಗಿದೆ ಎಂದು ರಿಪೇರಿಗೆ ಕೊಡುವ ಮೊದಲು ಇದನ್ನು ನೋಡಿ.

ಜೋಡಿಸುವ ಕ್ರಮ

1. ಕೇಬಲ್ ಹಾಕಿ, ಮಾನಿಟರಿನ ಕರೆಂಟ್ ಸ್ವಿಚ್ ಹಾಕಿ. ಮಾನಿಟರಿನ ಇನ್‌ಪುಟ್ ಗುಂಡಿ ಒತ್ತಿ ವಿಜಿಎ ಅಥವಾ ಎಚ್‌ಡಿಎಂಐ, ನಾವು ಜೋಡಿಸಿದ್ದನ್ನು ಆರಿಸಿ.

2. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ. ನಾಲ್ಕು ಸಾಲು ಬರುತ್ತದೆ. ‘ಡುಪ್ಲಿಕೇಟ್’ ಎಂದರೆ ಎರಡರಲ್ಲೂ ಒಂದೇ ಚಿತ್ರ, ನಮಗೆ ಪ್ರಯೋಜನವಿಲ್ಲ. ‘ಎಕ್ಸ್‌ಟೆಂಡ್’ ಒತ್ತಿ. ಆಗ ಮೇಜು ಅಗಲವಾದಂತೆ ಎರಡು ಬೇರೆ ಬೇರೆ ಜಾಗ ಸಿಗುತ್ತದೆ.

3. ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ಗೆ ಹೋಗಿ. ಅಲ್ಲಿ 1, 2 ಎಂದು ಎರಡು ಚೌಕ ಇರುತ್ತದೆ. ‘ಐಡೆಂಟಿಫೈ’ ಒತ್ತಿದರೆ ಯಾವುದು ಯಾವ ನಂಬರ್ ಎಂದು ಮಾನಿಟರಿನ ಮೇಲೆಯೇ ಬರುತ್ತದೆ. ಮೇಜಿನ ಮೇಲೆ ಹೇಗಿದೆಯೋ ಹಾಗೆ ಚೌಕಗಳನ್ನು ಎಳೆದು ಇಡಿ. ಇಲ್ಲದಿದ್ದರೆ ಮೌಸ್ ಬಲಕ್ಕೆ ಹೋಗಬೇಕಾದಾಗ ಎಡಕ್ಕೆ ಹೋಗುತ್ತದೆ.

4. ಎದುರಿಗಿರುವ ಮಾನಿಟರಿನ ಚೌಕವನ್ನು ಆರಿಸಿ ‘ಮೇಕ್ ದಿಸ್ ಮೈ ಮೇನ್ ಡಿಸ್‌ಪ್ಲೇ’ಗೆ ಟಿಕ್ ಹಾಕಿ. ಅಕ್ಷರ ಸಣ್ಣದಾಗಿ ಕಂಡರೆ ‘ಸ್ಕೇಲ್’ ಎಂಬಲ್ಲಿ 125 ಮಾಡಿ.

5. ತೆರೆದ ಹಾಳೆಯನ್ನು ಇನ್ನೊಂದು ಮಾನಿಟರಿಗೆ ಕಳಿಸಲು ವಿಂಡೋಸ್, ಶಿಫ್ಟ್ ಎರಡನ್ನೂ ಹಿಡಿದು ಎಡ ಅಥವಾ ಬಲ ಬಾಣದ ಕೀ ಒತ್ತಿದರೆ ಸಾಕು.

ಜಾಗ ಮತ್ತು ಕಣ್ಣು

ಮುಂಬಯಿಯಂಥ ಊರಿನ ಮನೆಯಲ್ಲಿ ಮೇಜಿಗೆ ಜಾಗ ಕಡಿಮೆ. ಮಾನಿಟರಿನ ಬೆನ್ನಿನಲ್ಲಿ ಚೌಕವಾಗಿ ನಾಲ್ಕು ಸ್ಕ್ರೂ ತೂತು ಇದ್ದರೆ ಅದನ್ನು ಗೋಡೆಗೆ ಹಾಕಬಹುದು. ತೂತುಗಳ ಅಂತರ ಹೆಚ್ಚಾಗಿ 75 ಅಥವಾ 100 ಮಿಲಿಮೀಟರ್ ಇರುತ್ತದೆ, ಅಳೆದುಕೊಂಡು ಬ್ರಾಕೆಟ್ ತನ್ನಿ. ಪರದೆ ಒಂದು ಕೈಯಳತೆ ದೂರ ಇರಲಿ, ಮೇಲಿನ ಅಂಚು ಕಣ್ಣಿನ ಮಟ್ಟಕ್ಕಿರಲಿ. ನಮ್ಮ ವಯಸ್ಸಿನ ಹೆಚ್ಚಿನವರಿಗೆ ಬೈಫೋಕಲ್ ಕನ್ನಡಕ. ಅಂಥವರು ಇನ್ನೂ ಸ್ವಲ್ಪ ಕೆಳಗೆ ಇಡಬೇಕು. ಇಲ್ಲವಾದರೆ ಕೆಳಗಿನ ಗಾಜಿನಿಂದ ನೋಡಲು ತಲೆ ಎತ್ತಿ ಎತ್ತಿ ಕುತ್ತಿಗೆ ನೋವು ಬರುತ್ತದೆ.

ಲೆಕ್ಕವನ್ನು ಪೂರ್ತಿ ಇನ್ನೊಬ್ಬರಿಗೆ ಬಿಟ್ಟರೆ ಆಗುವ ನಷ್ಟ ಕೆಲಸದವರ ಮೇಲೆ ಸಂಶಯ ಪಡುವುದರಿಂದ ಸರಿಹೋಗುವುದಿಲ್ಲ. ಕಾಗದ ಪಕ್ಕದಲ್ಲಿದ್ದರೆ ಸಂಶಯವೇ ಬರುವುದಿಲ್ಲ. ಊರಿನಿಂದ ಬರಿಗೈಯಲ್ಲಿ ಬಂದು ಹೊಟೇಲ್ ಕಟ್ಟಿದ ನಮ್ಮ ಹಿರಿಯರು ಪ್ರತಿ ರಾತ್ರಿ ಪುಸ್ತಕ ನೋಡದೆ ಮಲಗುತ್ತಿರಲಿಲ್ಲ. ವಾರಕ್ಕೆ ಒಂದು ದಿನ, ಅರ್ಧ ಗಂಟೆಯಾದರೂ ಎರಡು ಪರದೆಯ ಮುಂದೆ ಕುಳಿತು ಲೆಕ್ಕ ನೋಡುವ ಅಭ್ಯಾಸ ನಾವೂ ಇಟ್ಟುಕೊಳ್ಳೋಣ. ಜೋಡಿಸುವುದು ಕಷ್ಟವೆನಿಸಿದರೆ ಮನೆಯ ಮಕ್ಕಳನ್ನು ಕರೆಯಿರಿ. ಅವರೂ ಪಕ್ಕದಲ್ಲಿ ಕುಳಿತು ನೋಡಲಿ, ವ್ಯಾಪಾರದ ಲೆಕ್ಕ ಅವರಿಗೂ ತಿಳಿದಂತಾಗುತ್ತದೆ.